ಯಾವ ಪೆಲೆಟ್ ಒಳ್ಳೇದು?

ಮಕ್ಕಳನ್ನು ಏರ್ ರೈಫಲ್ ಕಲಿಯಲು ಕಳಿಸುವ ಅಪ್ಪ-ಅಮ್ಮಂದಿರು ಶಿವಮೊಗ್ಗದಲ್ಲಿ ಸಿಕ್ಕರೂ ಸಾಗರದಲ್ಲಿ ಸಿಕ್ಕರೂ ನನ್ನನ್ನು ಕೇಳುವುದು ಒಂದೇ. "ಸರ್, ಯಾವ ಪೆಲೆಟ್ ತಗೊಳ್ಳೋದು?" ಪೆಲೆಟ್ ಅಂದರೆ ಏರ್ ರೈಫಲ್‌ಗೆ ಹಾಕುವ ಪುಟ್ಟ ಸೀಸದ ಗುಂಡು. ಒಂದು ಬ್ರ್ಯಾಂಡ್ ಹೆಸರು ಹೇಳಿಬಿಟ್ಟರೆ ಅವರಿಗೆ ಸಮಾಧಾನ. ನಾನು ಹೇಳುವುದಿಲ್ಲ. ಒಂದೇ ಮಾಡೆಲ್‌ನ ಎರಡು ರೈಫಲ್‌ಗಳಿಗೆ ಒಂದೇ ಪೆಲೆಟ್ ಹೊಂದುತ್ತದೆ ಅನ್ನುವಂತಿಲ್ಲ. ನನ್ನನ್ನು ಕೇಳುವ ಬದಲು ನಿಮ್ಮ ರೈಫಲ್‌ನ ನಳಿಗೆ, ಅಂದರೆ ಬ್ಯಾರೆಲ್‌ನ ಕೇಳಿ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ತಲೆಬಿಸಿ ಯಾಕೆ ಅಂತೀರಾ? 10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕಿ ಬರೀ 0.5 ಮಿ.ಮೀ. ಪೆಲೆಟ್ 4.5 ಮಿ.ಮೀ. ದಶಮಾಂಶ ಅಂಕದಲ್ಲಿ (ಹತ್ತನ್ನೂ 10.0ರಿಂದ 10.9ರವರೆಗೆ ಒಡೆದು ಎಣಿಸುವ ಲೆಕ್ಕದಲ್ಲಿ) ಪೆಲೆಟ್ 0.25 ಮಿ.ಮೀ. ಆಚೆ ಹೋದರೆ 0.1 ಅಂಕ ಹೋಯಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕೊನೆಯ ಗುಂಡಿಗೆ ಮೊದಲು ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹಾಕಿನೆನ್ ಸಮ ಇದ್ದರು. ಬಿಂದ್ರಾ 10.8 ಹೊಡೆದು ಚಿನ್ನ ತಂದರು.

ಪರೀಕ್ಷೆ ಮಾಡುವುದು ಹೀಗೆ. ರೈಫಲ್‌ನ ಅಲುಗದಂತೆ ಹಿಡಿದಿಡುವ ಕ್ಲ್ಯಾಂಪ್‌ಗೆ ಬಿಗಿಯಬೇಕು. ಹೆಗಲಿಗಿಟ್ಟು ಹೊಡೆದರೆ ನಿಮ್ಮ ಉಸಿರಿನ ಪರೀಕ್ಷೆ ಆಗುತ್ತದೆ, ಪೆಲೆಟ್‌ದಲ್ಲ. ಡಬ್ಬಿಯ ಮೇಲೆ 4.49, 4.50, 4.51 ಅಂತ ಪೆಲೆಟ್ ತಲೆಯ, ಅಂದರೆ ಮುಂಭಾಗದ, ಅಳತೆ ಮಿ.ಮೀ.ನಲ್ಲಿ ಬರೆದಿರುತ್ತದೆ, ಜೊತೆಗೆ ಬ್ಯಾಚ್ ನಂಬರ್ (ಒಟ್ಟಿಗೆ ತಯಾರಾದ ಸರಕಿನ ಗುರುತು). ಪೆಲೆಟ್ ಬದಲಿಸಿದ ಕೂಡಲೇ ಹೊಡೆದ ಮೊದಲ ಕೆಲವು ಗುಂಡು ಲೆಕ್ಕಕ್ಕಿಲ್ಲ. ಬ್ಯಾರೆಲ್ ಒಳಗೆ ಹೊಸ ಸೀಸ ಕೂರಬೇಕು.

ಆಮೇಲೆ ಹತ್ತು ಗುಂಡು ಒಂದೇ ಕಾರ್ಡ್‌ಗೆ, ಅಂದರೆ ಕಾಗದದ ಟಾರ್ಗೆಟ್‌ಗೆ. ಅತಿ ದೂರ ಬಿದ್ದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಕ್ಯಾಲಿಪರ್ (ಸೂಕ್ಷ್ಮ ಅಳತೆಯ ಸಾಧನ) ಹಿಡಿದು ಅಳೆಯಿರಿ, ಅದರಲ್ಲಿ 4.5 ಕಳೆಯಿರಿ. ಅದು ನಿಮ್ಮ ಗ್ರೂಪ್, ಚಿಕ್ಕದಿದ್ದಷ್ಟೂ ಒಳ್ಳೇದು. ಐದೇ ಗುಂಡು ಹೊಡೆದು "ಅಬ್ಬಾ, ಒಂದೇ ತೂತು!" ಅಂತ ಫೋಟೋ ಹಾಕುವವರು ಜಾಸ್ತಿ. ಅದೇ ರೈಫಲ್, ಅದೇ ಪೆಲೆಟ್ ಇಟ್ಟುಕೊಂಡು ಹತ್ತು ಹೊಡೆಯಿರಿ, ಗ್ರೂಪ್ ಸರಾಸರಿ ಕಾಲು ಭಾಗದಷ್ಟು ಹಿಗ್ಗುತ್ತದೆ. ಪೆಲೆಟ್ ಕೆಟ್ಟಿದ್ದಲ್ಲ, ಐದು ಗುಂಡಿಗೆ ಪೂರ್ತಿ ವಿಷಯ ಗೊತ್ತಿರುವುದಿಲ್ಲ ಅಷ್ಟೇ. ಒಂದೊಂದು ಬ್ಯಾಚ್‌ಗೆ ಎರಡು ಮೂರು ಕಾರ್ಡ್ ಖರ್ಚಾಗಲಿ, ಜಿಪುಣತನ ಬೇಡ.

ನಮ್ಮ ಕಡೆ ಮಳೆಗಾಲದಲ್ಲಿ ಇನ್ನೊಂದು ಪೇಚು. ಜುಲೈನಲ್ಲಿ ಕಾರ್ಡ್ ಥಂಡಿ ಹೀರಿ ಮೆತ್ತಗಾಗುತ್ತದೆ. ಮುಂದೆ ಚಪ್ಪಟೆ ಇರುವ ಪೆಲೆಟ್ ಒಣ ಕಾಗದವನ್ನು ಪಂಚ್ ಹೊಡೆದಂತೆ ದುಂಡಗೆ ಕತ್ತರಿಸುತ್ತದೆ, ನೆನೆದ ಕಾಗದವನ್ನು ಹರಿಯುತ್ತದೆ. ಅಂಚಿಗೆ ನಾರು ಎದ್ದು ನಿಲ್ಲುತ್ತದೆ, ಕ್ಯಾಲಿಪರ್ ಎಲ್ಲಿ ಇಡೋದು ಅಂತಲೇ ತಿಳಿಯಲ್ಲ. ನಾನು ಕಾರ್ಡ್‌ಗಳನ್ನು ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಹೊಗೆ ವಾಸನೆ ಬರುತ್ತದೆ, ಬರಲಿ.

ತೂಕ ನೋಡಿ ಆರಿಸಬೇಕಾ? ರಾಶಿ ಬೇರೆ, ಬೆಟ್ಟೆ ಬೇರೆ ಅಂತ ಅಡಿಕೆ ಆರಿಸುವ ಊರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಒಂದು ಪೆಲೆಟ್ ಸುಮಾರು 0.53 ಗ್ರಾಂ. ಒಳ್ಳೆ ಡಬ್ಬಿಯಲ್ಲಿ ವ್ಯತ್ಯಾಸ ತೀರಾ ಕಮ್ಮಿ, ಸುಮ್ನೆ ಸಂಜೆ ಹಾಳು. ಬದಲಿಗೆ ಪೆಲೆಟ್‌ನ ಹಿಂಭಾಗದ ಲಂಗ (ಲಂಗದಂತೆ ಅರಳಿದ ಅಂಚು) ನೆಗ್ಗಿದ್ದರೆ ಅಂಥದ್ದನ್ನು ಎತ್ತಿ ಬಿಸಾಕಿ. ಸೀಸ ಮುಟ್ಟಿದ ಕೈ ತೊಳೆಯದೆ ತಿಂಡಿಗೆ ಕೈ ಹಾಕಬೇಡಿ, ಮಕ್ಕಳಿಗೂ ಹೇಳಿ.

ಬೆಳೆ ಕಾಯಲು ಲೈಸೆನ್ಸ್ ಕೋವಿ ಇಟ್ಟುಕೊಂಡ ಹಿರಿಯರು ಮಧ್ಯೆ ಬಾಯಿ ಹಾಕುತ್ತಾರೆ. "ಹೊರದೇಶದಲ್ಲಿ ತೋಟಾ ಮನೆಯಲ್ಲೇ ತುಂಬಿಕೊಳ್ತಾರಂತೆ ಮಾರಾಯ, ನಾವೂ ಮಾಡಬಹುದಾ?" ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ತೋಟಾ ತಯಾರಿಸಲು ಬೇರೆಯದೇ ಲೈಸೆನ್ಸ್ ಬೇಕು. ಕೋವಿಯ ಲೈಸೆನ್ಸ್ ಅದಕ್ಕೆ ಸಾಲದು.

ಇನ್ನು ಕಲಿಯಲು ಶುರು ಮಾಡಿದ ಮಕ್ಕಳ ಅಪ್ಪ-ಅಮ್ಮಂದಿರಿಗೆ. ಗುಂಡು ಏಳು, ಎಂಟರ ಸುತ್ತ ಓಡಾಡುವಾಗ ಈ ಪರೀಕ್ಷೆಯೆಲ್ಲ ಯಾಕೆ? ಮಧ್ಯಮ ಬೆಲೆಯ ಒಂದು ಡಬ್ಬಿ ಸಾಕು. ಒಂಬತ್ತು ತಪ್ಪದೇ ಬರಲು ಶುರುವಾದಾಗ ಕ್ಲ್ಯಾಂಪ್ ಹುಡುಕಿ. ಹೊಂದುವ ಬ್ಯಾಚ್ ಸಿಕ್ಕರೆ ಅದೇ ನಂಬರಿನ ನಾಲ್ಕೈದು ಡಬ್ಬಿ ಒಟ್ಟಿಗೆ ಕೊಳ್ಳಿ, ಮುಂದಿನ ಸಲ ಅಂಗಡಿಯಲ್ಲಿ ಅದೇ ಬ್ಯಾಚ್ ಇರುತ್ತದೆ ಅಂತ ಹೇಳಕ್ಕಾಗಲ್ಲ. ಎರಡು ಡಬ್ಬಿ ಸಮ ಬಂದರೆ ಅಗ್ಗದ್ದು ತಗೊಳ್ಳಿ.