ಅದು ಎಲ್ಲಿಗೆ ಹೊರಟಿದೆ?

ಈ ಮಂಗಳವಾರ ಪ್ರಥಮ ಪಿಯು ತರಗತಿಯಲ್ಲಿ ಜೀವಕೋಶದ ಪಾಠ ಮುಗಿಸುವಾಗ ನಾನು, ಜಪಾನಿನ ಒಸಾಕದ ಮಕೊತೊ ಮಿಯಾತ ಅವರ ತಂಡ 2022ರಲ್ಲಿ ಪ್ರಕಟಿಸಿದ ಸೂಕ್ಷ್ಮದರ್ಶಕದ ದೃಶ್ಯವೊಂದನ್ನು ತೋರಿಸಿದೆ. ಹೀರೆಬಳ್ಳಿಯ ನುಲಿಯಂತೆ ಸುತ್ತಿಕೊಂಡ ಎಳೆಯೊಂದು, ಸುರುಳಿಯ ದಿಕ್ಕನ್ನು ಎಡಕ್ಕೂ ಬಲಕ್ಕೂ ಬದಲಿಸುತ್ತ, ಮೈ ತಿರುಚಿಕೊಂಡು ದ್ರವದಲ್ಲಿ ಸಾಗುತ್ತದೆ. ಕಿಟಕಿಯ ಬಳಿಯ ಹುಡುಗಿ ಕೇಳಿದಳು: "ಮೇಡಂ, ಅದು ಎಲ್ಲಿಗೆ ಹೊರಟಿದೆ?"

ಆ ಎಳೆಯ ಮೂಲ, ಅಮೆರಿಕದ ಕ್ರೇಗ್ ವೆಂಟರ್ ಸಂಸ್ಥೆಯವರು 2016ರಲ್ಲಿ ರೂಪಿಸಿದ, ಕೇವಲ 473 ಜೀನ್‌ಗಳ ಕನಿಷ್ಠ ಕೋಶ. ಪ್ರಯೋಗಾಲಯದಲ್ಲಿ ಜೋಡಿಸಿದ ಜೀನೋಮಿನಿಂದ, ಅಂದರೆ ಜೀನ್‌ಗಳ ಪೂರ್ಣ ಗುಚ್ಛದಿಂದ, ಬದುಕುವ ಅದು ಬೆಳೆಯುತ್ತದೆ, ವಿಭಜನೆಯಾಗುತ್ತದೆ, ಆದರೆ ಈಜಲಾರದು. ಅದರ ಒಂದು ರೂಪಕ್ಕೆ ಒಸಾಕದವರು ಸ್ಪೈರೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಏಳು ಜೀನ್‌ಗಳನ್ನು ಸೇರಿಸಿದಾಗ ದುಂಡನೆಯ ಕೋಶ ಸುರುಳಿಯಾಗಿ ಈಜಿತು. ಮುಂದೆ ಪರಿಶೀಲಿಸಿದಾಗ ಅವುಗಳಲ್ಲಿ ಎರಡೇ ಸಾಕೆಂದು ತಿಳಿಯಿತು.

ಸ್ಟಾಫ್ ರೂಮಿನಲ್ಲಿ ಈ ಪ್ರಶ್ನೆಯನ್ನು ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ನೀರು ಒಯ್ದ ಕಡೆಗೆ ಹೋಗುತ್ತದೆ ಎಂದು ಹೇಳಿ ಮುಗಿಸಬೇಕಿತ್ತು, ಇದು ಪರೀಕ್ಷೆಗೆ ಬರುವುದಿಲ್ಲ" ಎಂದರು. ಶ್ರಮಜೀವಿಯಾದ ಅವರ ಬಗ್ಗೆ ನನಗೆ ಗೌರವವಿದೆ, ಆದರೂ ಈ ಮಾತು ನನ್ನನ್ನು ನೋಯಿಸಿತು. ತನ್ನದೇ ಬಲದಿಂದ ಈಜುವುದನ್ನು ನೀರು ಒಯ್ಯುತ್ತದೆ ಎನ್ನುವುದು ತಪ್ಪು, ಹದಿನಾರರ ಹುಡುಗಿಯ ಇಷ್ಟು ನೇರವಾದ ಪ್ರಶ್ನೆಯನ್ನು ಪರೀಕ್ಷೆಯ ಹೆಸರಿನಲ್ಲಿ ಮುಚ್ಚಿಹಾಕುವುದು ಅದಕ್ಕಿಂತ ದೊಡ್ಡ ತಪ್ಪು.

ಎಲ್ಲಿಗೆ ಹೊರಟಿದೆ? ಮನೆಗೆ ಬಂದ ಮೇಲೂ ಅದೇ ಮಾತು ಮನಸ್ಸಿನಲ್ಲಿ ಸುತ್ತುತ್ತಿತ್ತು. ಒಸಾಕದವರು ಸೇರಿಸಿದ್ದು ಚಲನೆಯ ಜೀನ್‌ಗಳನ್ನು ಮಾತ್ರ. ಸುತ್ತಲಿನ ರಾಸಾಯನಿಕವನ್ನು ಗುರುತಿಸಿ ದಿಕ್ಕು ಆರಿಸುವ ವ್ಯವಸ್ಥೆಯನ್ನು ಅವರು ಕೂಡಿಸಿರಲಿಲ್ಲ. ಇದಕ್ಕೆ ಎದುರಾಗಿ ಬಾರ್ಸಿಲೋನಾದ ಸಂಶೋಧಕರು 2025ರಲ್ಲಿ ವಿವರಿಸಿದ್ದು ಜೀವವೇ ಇಲ್ಲದ, ಜೀನ್ ಒಂದೂ ಇಲ್ಲದ ಕೊಬ್ಬಿನ ಗುಳ್ಳೆಗಳನ್ನು. ಒಳಗೆ ಗ್ಲೂಕೋಸ್ ಅಥವಾ ಯೂರಿಯಾವನ್ನು ಒಡೆಯುವ ಕಿಣ್ವ, ಪೊರೆಯಲ್ಲಿ ಪ್ರೋಟೀನಿನ ರಂಧ್ರಗಳು, ಇಷ್ಟೇ ಅವುಗಳ ಸಂಪತ್ತು. ಒಳಗೆ ಬಂದ ವಸ್ತು ಬದಲಾಗಿ ರಂಧ್ರದ ಮೂಲಕ ಹೊರಬೀಳುವಾಗ ಗುಳ್ಳೆಯ ಎರಡು ಬದಿಗಳ ನಡುವೆ ಅಸಮತೋಲನ ಉಂಟಾಗಿ, ಮೇಲ್ಮೈಯಲ್ಲಿ ದ್ರವ ಹರಿದು, ರಂಧ್ರಗಳು ಹೆಚ್ಚಿದ್ದ ಗುಳ್ಳೆ ಆ ವಸ್ತು ದಟ್ಟವಾಗಿರುವ ಕಡೆಗೆ ಸರಿಯುತ್ತದೆ. ಹೀಗೆ, ಬದುಕಿರುವ ಒಸಾಕದ ಕೋಶಕ್ಕೆ ಗುರಿಯಿಲ್ಲ, ಬದುಕಿಲ್ಲದ ಗುಳ್ಳೆಗೆ ದಿಕ್ಕಿದೆ. ಇದು ನನ್ನನ್ನು ನಿಜವಾಗಿ ಕದಡಿತು, ಏಕೆಂದರೆ ಚಲನೆಯೂ ಉದ್ದೇಶವೂ ಜೀವದಲ್ಲಿ ಒಟ್ಟಿಗೇ ಇರುತ್ತವೆ ಎಂದು ನಾವು ಮಕ್ಕಳಿಗೆ ಕಲಿಸುತ್ತ ಬಂದಿದ್ದೇವೆ.

ಗುರುವಾರ ಇದನ್ನೆಲ್ಲ ಅವಳಿಗೆ ಹೇಳಿದೆ. ಇ. ಕೋಲೈ ಬ್ಯಾಕ್ಟೀರಿಯಾ ಕೆಲವು ಸೆಕೆಂಡುಗಳ ಹಿಂದಿನ ರುಚಿಯನ್ನು ಈಗಿನ ರುಚಿಯೊಂದಿಗೆ ಹೋಲಿಸಿ, ಸ್ಥಿತಿ ಉತ್ತಮವಾಗುತ್ತಿದ್ದರೆ ಹೆಚ್ಚು ದೂರ ನೇರವಾಗಿ ಈಜುತ್ತದೆ ಎಂಬುದನ್ನೂ ವಿವರಿಸಿದೆ. ಅವಳು ಸ್ವಲ್ಪ ಯೋಚಿಸಿ, "ಹಾಗಾದರೆ ಗುಳ್ಳೆಗೆ ನೆನಪು ಕೊಡುವುದು ಹೇಗೆ, ಮೇಡಂ?" ಎಂದಳು.