ದ್ರಾಸ್‌ಗೆ ಹೋಗ್ತೀರಾ? ಅರ್ಧ ದಿನ ಎತ್ತಿಡಿ

ಶ್ರೀನಗರದಿಂದ ಲೇಹ್‌ಗೆ ಹೋಗುವ ಪ್ರವಾಸಿಗರ ಗಾಡಿಗಳು ದ್ರಾಸ್‌ನ ಕಾರ್ಗಿಲ್ ಯುದ್ಧ ಸ್ಮಾರಕದ ಮುಂದೆ ನಿಲ್ಲುತ್ತವೆ. ಬಾವುಟದ ಹತ್ತಿರ ಒಂದು ಫೋಟೊ, ಒಳಗೊಂದು ಸುತ್ತು, ಅರ್ಧ ಗಂಟೆಗೆಲ್ಲ ವಾಪಸ್ ರಸ್ತೆಗೆ. ಡ್ರೈವರ್‌ಗಳಿಗೂ ಇದೇ ಲೆಕ್ಕ ರೂಢಿಯಾಗಿಬಿಟ್ಟಿದೆ. ಹಾಗಾಗಿ ಟ್ಯಾಕ್ಸಿ ಗೊತ್ತು ಮಾಡುವಾಗಲೇ, "ದ್ರಾಸ್‌ನಲ್ಲಿ ಅರ್ಧ ದಿನ ಇರ್ತೀವಿ, ರಾತ್ರಿ ಕಾರ್ಗಿಲ್‌ನಲ್ಲಿ ಉಳೀತೀವಿ" ಎಂದು ಹೇಳಿಬಿಡಿ. ನಾವು ಹಾಗೆ ಮಾಡಿದ್ದು ಒಳ್ಳೆಯದೇ ಆಯಿತು.

ಶ್ರೀನಗರದಿಂದ ದ್ರಾಸ್‌ಗೆ ಸುಮಾರು 140 ಕಿ.ಮೀ. ಸೋನಮಾರ್ಗ್‌ಗೆ ಮೊದಲು ಸಿಗುವ ಹೊಸ ಸುರಂಗ 2025ರ ಜನವರಿಯಲ್ಲಿ ಶುರುವಾಗಿದೆ, ಅಲ್ಲಿಯವರೆಗೆ ಚಿಂತೆಯಿಲ್ಲ. ಆಮೇಲೆ ಬರುವುದೇ ಜೋಜಿಲಾ ಘಾಟಿ. 11,500 ಅಡಿ ಎತ್ತರ, ಒಂದು ಕಡೆ ಪ್ರಪಾತ. ಹಿಮ ಬಿದ್ದಾಗ ದಾರಿ ಮುಚ್ಚುತ್ತಾರೆ. ತೆರೆದಿರುವ ದಿನಗಳಲ್ಲೂ ಕೆಲವೊಮ್ಮೆ ಒಂದೊಂದು ಹೊತ್ತಿಗೆ ಒಂದೊಂದು ದಿಕ್ಕಿನ ಗಾಡಿಗಳನ್ನಷ್ಟೇ ಬಿಡುತ್ತಾರೆ. ಹಿಂದಿನ ಸಂಜೆಯೇ ವಿಚಾರಿಸಿ, ಬೆಳಗಿನ ಜಾವ ಹೊರಡಿ. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಜುಲೈ ಆದರೂ ಜಾಕೆಟ್ ಬೇಕೇ ಬೇಕು. ನಮ್ಮೂರಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ. ಆಧಾರ್ ಕಾರ್ಡ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ದ್ರಾಸ್ ಇರುವುದು ಹತ್ತಿರ ಹತ್ತಿರ 10,800 ಅಡಿ ಎತ್ತರದಲ್ಲಿ. ಇಳಿದ ಕೂಡಲೇ ಓಡಾಡಬೇಡಿ, ನೀರು ಕುಡಿಯುತ್ತಾ ನಿಧಾನವಾಗಿ ನಡೆಯಿರಿ. ವಯಸ್ಸಾದವರು ಜೊತೆಗಿದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳುವುದು ವಾಸಿ.

ಸ್ಮಾರಕದ ಒಳಗೆ ಹೋದ ಮೇಲೆ ಮೊದಲು ಮಾಡಬೇಕಾದ ಕೆಲಸ, ಸುಮ್ನೆ ನಿಂತು ತಲೆಯೆತ್ತಿ ನೋಡುವುದು. ಹಿಂದೆ ಕಾಣುವ ಬೋಳು ಬೆಟ್ಟವೇ ತೋಲೋಲಿಂಗ್. ಈಗ ಹಿಂದೆ ತಿರುಗಿ ನೀವು ಬಂದ ರಸ್ತೆ ನೋಡಿ. 1999ರಲ್ಲಿ ಶತ್ರು ಆ ಬೆಟ್ಟದ ಮೇಲಿದ್ದ, ನಮ್ಮ ಸೈನ್ಯದ ಲಾರಿಗಳು ಈ ರಸ್ತೆಯಲ್ಲಿ. ಮೇಲೆ ಕೂತವನಿಗೆ ಒಂದೊಂದು ಗಾಡಿಯೂ ಕಾಣುತ್ತದೆ, ಗುಂಡು ಹಾರಿಸಬಹುದು. ಲೇಹ್‌ಗೆ ಸಾಮಾನು ಹೋಗುವ ದಾರಿಯೇ ಇದು. ಹಾಗಾಗಿ ಬೆಟ್ಟ ಹತ್ತಲೇಬೇಕಿತ್ತು. ಮರವಿಲ್ಲ, ಪೊದೆಯಿಲ್ಲ, ಮರೆ ಅಂತ ಇದ್ದದ್ದು ಬಂಡೆ ಮತ್ತು ಕತ್ತಲೆ ಮಾತ್ರ. ಮೇ ತಿಂಗಳಲ್ಲಿ ಶುರುವಾದ ಪ್ರಯತ್ನ ಮುಗಿದದ್ದು ಜೂನ್ 13ಕ್ಕೆ, ಸೈನ್ಯದ 2 ರಜಪೂತಾನಾ ರೈಫಲ್ಸ್ ಬೆಟಾಲಿಯನ್ ಶಿಖರ ಹಿಡಿದಾಗ. ಅದಕ್ಕೂ ಮೊದಲು 18 ಗ್ರೆನೇಡಿಯರ್ಸ್ ಬೆಟಾಲಿಯನ್‌ನ ಮೇಜರ್ ರಾಜೇಶ್ ಅಧಿಕಾರಿ ಅಲ್ಲೇ ಪ್ರಾಣ ಕೊಟ್ಟಿದ್ದರು. ಪಠ್ಯಪುಸ್ತಕದ 'ಕಾರ್ಗಿಲ್ ವಿಜಯ' ನನಗೆ ಅರ್ಥವಾದದ್ದು ಆ ಇಳಿಜಾರನ್ನು ಕಣ್ಣಲ್ಲಿ ಅಳೆದಾಗಲೇ. ನಾವು ಸಮತಟ್ಟಾದ ನೆಲದಲ್ಲಿ ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಏದುಸಿರು ಬರುತ್ತಿತ್ತು. ಅವರು ಬೆನ್ನ ಮೇಲೆ ಹೊರೆ ಹೊತ್ತು, ರಾತ್ರಿ ಹತ್ತಿದ್ದರು.

ಜವಾನರೊಬ್ಬರು ಶಿಖರಗಳನ್ನು ಕೈಮಾಡಿ ತೋರಿಸುತ್ತಾ ಯುದ್ಧದ ಕಥೆ ಹೇಳುತ್ತಾರೆ, ತಪ್ಪಿಸಿಕೊಳ್ಳಬೇಡಿ. ನಾವು ಕೇಳಿದ್ದು ಹಿಂದಿಯಲ್ಲಿ. 'ಪಾಯಿಂಟ್ 4875' ಎಂಬಂಥ ಹೆಸರು ಬಂದಾಗ ಗಲಿಬಿಲಿ ಬೇಡ. ಹೆಸರಿಲ್ಲದ ಶಿಖರವನ್ನು ಮೀಟರ್ ಲೆಕ್ಕದ ಎತ್ತರದಿಂದಲೇ ಕರೆಯುತ್ತಾರೆ. ಕ್ಯಾಪ್ಟನ್ ವಿಕ್ರಮ್ ಬಾತ್ರಾ ಹುತಾತ್ಮರಾದದ್ದು ಈ 4875ರಲ್ಲೇ. ಅದೇ ಶಿಖರದ ಕಾಳಗದಲ್ಲಿ ಪರಮವೀರ ಚಕ್ರ ಪಡೆದ ಸಂಜಯ್ ಕುಮಾರ್ ಬದುಕಿ ಬಂದರು.

ಹೆಸರುಗಳನ್ನು ಕೆತ್ತಿದ ಗೋಡೆಯ ಮುಂದೆ ಎಲ್ಲರೂ ಪರಮವೀರ ಚಕ್ರದವರ ಹೆಸರನ್ನೇ ಹುಡುಕುತ್ತಾರೆ. ತಪ್ಪಲ್ಲ. ಆದರೆ ಆ ಯುದ್ಧದಲ್ಲಿ ಪ್ರಾಣ ಕೊಟ್ಟವರು 527 ಮಂದಿ. ನೀವು ಯಾವತ್ತೂ ಕೇಳಿರದ ಒಂದಷ್ಟು ಹೆಸರುಗಳನ್ನೂ ಓದಿ, ಮಕ್ಕಳಿದ್ದರೆ ಅವರ ಕೈಲಿ ಓದಿಸಿ. ಪಕ್ಕದಲ್ಲಿ ಹುತಾತ್ಮರ ಹೆಸರಿನ ಕಲ್ಲುಗಳ ಸಾಲು 'ವೀರ ಭೂಮಿ' ಇದೆ. ಸೆಲ್ಫಿ ಬೇಕಿದ್ದರೆ ಬೋಫೋರ್ಸ್ ತೋಪಿನ ಹತ್ತಿರ ತೆಗೆದುಕೊಳ್ಳಿ, ಇಲ್ಲಿ ಬೇಡ. ಕಾವಲಿನ ಜವಾನರು ಏನೂ ಅನ್ನಲಿಕ್ಕಿಲ್ಲ, ನಮಗೇ ಗೊತ್ತಾಗಬೇಕಲ್ವಾ? ಅವರ ಜೊತೆ ಮಾತಾಡಬಹುದು. ಊರು ಯಾವುದು, ರಜೆ ಯಾವಾಗ ಅಂತ ಕೇಳಿ, ಖುಷಿಯಿಂದ ಹೇಳುತ್ತಾರೆ. ಎಷ್ಟು ಜನರನ್ನು ಹೊಡೆದಿರಿ ಎನ್ನುವ ಪ್ರಶ್ನೆ ಯಾರೋ ಕೇಳಿದ್ದು ನನ್ನ ಕಿವಿಗೆ ಬಿತ್ತು. ದಯವಿಟ್ಟು ಬೇಡ.

ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೇ ಹೋಗಬೇಕು ಅಂತ ಆಸೆ ಇರುತ್ತದೆ. ಆಗ ಗಣ್ಯರು, ಭದ್ರತೆ, ಜನಜಂಗುಳಿ. ಸಮಾಧಾನವಾಗಿ ನೋಡಬೇಕಿದ್ದರೆ ಬೇರೆ ದಿನವೇ ಮೇಲು. ಕಾರ್ಗಿಲ್ ಊರು ಇನ್ನೂ 60 ಕಿ.ಮೀ., ಕತ್ತಲಾಗುವ ಮೊದಲು ಸೇರಿಕೊಳ್ಳಿ. ಅಲ್ಲಿ ಎತ್ತರ ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ.

ಸೈನಿಕರ ಕುಟುಂಬಗಳಿಗೆ ಏನಾದರೂ ಕೊಡಬೇಕು ಅನ್ನಿಸಿದರೆ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ ಇದೆ. ಕೇಂದ್ರೀಯ ಸೈನಿಕ ಮಂಡಳಿ ನೋಡಿಕೊಳ್ಳುವ ಈ ನಿಧಿಗೆ ಆನ್‌ಲೈನ್‌ನಲ್ಲೇ ಹಣ ಕಟ್ಟಬಹುದು. ಧ್ವಜ ದಿನ ಡಿಸೆಂಬರ್ 7, ಆದರೆ ಅಲ್ಲಿಯವರೆಗೆ ಕಾಯಬೇಕಿಲ್ಲ.