ದತ್ತಾಂಶ ವಿಶ್ಲೇಷಣೆಯ ಭಾಷೆಯಾದ ಆರ್ ಪೂರ್ತಿ ಕಲಿತ ಮೇಲೆಯೇ ಸೋಷಿಯಲ್ ನೆಟ್‌ವರ್ಕ್ ಅನಾಲಿಸಿಸ್ ಶುರು ಮಾಡಬೇಕಾ?

ಬೇಡ. ಸೋಷಿಯಲ್ ನೆಟ್‌ವರ್ಕ್ ಅನಾಲಿಸಿಸ್ ಎಂದರೆ ಯಾರಿಗೆ ಯಾರ ಜೊತೆ ನಂಟಿದೆ ಎಂಬ ಜಾಲವನ್ನು ಅಳೆದು ನೋಡುವುದು. ಸಿಎಸ್‌ವಿ ಫೈಲ್ ಓದಿಸುವುದು, ಬೇಕಾದ ಸಾಲು-ಕಾಲಂ ಆರಿಸುವುದು, ಎರಡು ಟೇಬಲ್‌ಗಳನ್ನು ಒಂದು ಕಾಲಂ ಹಿಡಿದು ಜೋಡಿಸುವುದು ಬಂದರೆ ಜಾಲದ ಲೆಕ್ಕ ಮಾಡುವ ಐಗ್ರಾಫ್ ಪ್ಯಾಕೇಜ್ ಹಾಕಿಕೊಂಡು ಇವತ್ತೇ ಕೂರಬಹುದು. ಕಷ್ಟ ಇರುವುದು ಕೋಡ್‌ನಲ್ಲಲ್ಲ. ಯಾವ ಜಾಲ ಕೊಟ್ಟರೂ ಕಂಪ್ಯೂಟರ್ ಒಂದು ಅಂಕಿ ಹೇಳಿಬಿಡುತ್ತದೆ. ಅದು ಏನನ್ನು ಎಣಿಸಿ ಹೇಳಿತು ಎಂದು ತಿಳಿಯುವುದೇ ಇಲ್ಲಿನ ನಿಜವಾದ ಕಲಿಕೆ.

ಮೊದಲು ಎರಡು ಟೇಬಲ್ ಮಾಡಿಕೊಳ್ಳಿ. ಒಂದರಲ್ಲಿ ವ್ಯಕ್ತಿಗಳು, ಸಾಲಿಗೊಬ್ಬರು. ಇನ್ನೊಂದರಲ್ಲಿ ನಂಟುಗಳು: ಯಾರಿಂದ, ಯಾರಿಗೆ. ನಂಟಿನ ಟೇಬಲ್ ಒಂದೇ ಸಾಕೆಂದು ಹೊರಟರೆ ಯಾರ ಜೊತೆಗೂ ನಂಟಿಲ್ಲದವರು ಸದ್ದಿಲ್ಲದೆ ಮಾಯವಾಗುತ್ತಾರೆ, ಜಾಲ ಇರುವುದಕ್ಕಿಂತ ದಟ್ಟವಾಗಿ ಕಾಣುತ್ತದೆ. ಎರಡನ್ನೂ ಕೊಟ್ಟಾಗ, ನಂಟಿನ ಟೇಬಲ್‌ನಲ್ಲಿರುವ ಹೆಸರು ವ್ಯಕ್ತಿಗಳ ಟೇಬಲ್‌ನಲ್ಲಿ ಇಲ್ಲ ಎಂದು ಐಗ್ರಾಫ್ ತಕರಾರು ತೆಗೆಯಬಹುದು. ಬಹಳ ಸಲ ಹೆಸರಿನ ಕೊನೆಯ ಒಂದು ಸ್ಪೇಸ್ ಅಥವಾ ಕಾಗುಣಿತದ ವ್ಯತ್ಯಾಸವೇ ಇದಕ್ಕೆ ಕಾರಣ. ಅದಕ್ಕೇ ಹೆಸರು ಬಿಟ್ಟು ಐಡಿ ನಂಬರ್ ಬಳಸಿ.

ಅಭ್ಯಾಸಕ್ಕೆ ಐಗ್ರಾಫ್ ಒಳಗೇ ಸಿಗುವ ಜಕಾರಿ ಕರಾಟೆ ಕ್ಲಬ್ ಜಾಲಕ್ಕಿಂತ ಒಳ್ಳೆಯದು ಬೇಡ. 1977ರಲ್ಲಿ ಪ್ರಕಟವಾದ ದತ್ತಾಂಶ, ಅಮೆರಿಕದ ಒಂದು ವಿಶ್ವವಿದ್ಯಾಲಯದ ಕರಾಟೆ ಕ್ಲಬ್‌ನದು: 34 ಜನ, 78 ನಂಟು. ಆಗಬಹುದಾದ ಜೋಡಿ 561, ಆದ್ದರಿಂದ ಡೆನ್ಸಿಟಿ, ಅಂದರೆ ಆಗಬಹುದಾದದ್ದರಲ್ಲಿ ನಿಜಕ್ಕೂ ಇರುವ ನಂಟಿನ ಪಾಲು, ಸುಮಾರು 0.139. ಇದನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ ಆರ್ ಏನು ಹೇಳುತ್ತದೆ ನೋಡಿ.

ಈಗ 2 ಮತ್ತು 32ನೇ ಸದಸ್ಯರನ್ನು ಅಕ್ಕಪಕ್ಕ ಇಟ್ಟು ನೋಡಿ. 2ಕ್ಕೆ 9 ನಂಟು, 32ಕ್ಕೆ ಬರೀ 6. ಆದರೆ ಬಿಟ್ವೀನ್‌ನೆಸ್, ಅಂದರೆ ಉಳಿದವರ ನಡುವಿನ ಅತಿ ಹತ್ತಿರದ ದಾರಿಗಳು ಒಬ್ಬರ ಮೂಲಕ ಎಷ್ಟು ಹಾದುಹೋಗುತ್ತವೆ ಎಂಬ ಅಳತೆ, 2ಕ್ಕೆ ಸುಮಾರು 28, 32ಕ್ಕೆ 73! 2ರ ಗೆಳೆಯರಲ್ಲಿ ಹೆಚ್ಚಿನವರು 1ಕ್ಕೂ ಗೆಳೆಯರೇ, ಹಾಗಾಗಿ ಅವರನ್ನು ಮುಟ್ಟಲು 2ರ ಮೂಲಕವೇ ಹೋಗಬೇಕೆಂದಿಲ್ಲ. ಕ್ಲಬ್‌ನ ಎರಡು ಬಣಗಳ ಮುಖ್ಯಸ್ಥರಾದ 1 ಮತ್ತು 34ರ ನಡುವೆ ನೇರ ನಂಟಿಲ್ಲ. 32 ಇಬ್ಬರನ್ನೂ ಬಲ್ಲ. ಈ ಒಂದು ಹೋಲಿಕೆ ಮನಸ್ಸಿಗೆ ಇಳಿದರೆ ಸೆಂಟ್ರಾಲಿಟಿಯ (ಜಾಲದಲ್ಲಿ ಯಾರು ಎಷ್ಟು ಮುಖ್ಯ ಎಂಬ ಅಳತೆಯ) ಅರ್ಧ ಪಾಠ ಮುಗಿದಂತೆ.

ಇದೇ ಜಾಲದಲ್ಲಿ 34ನೇ ಸದಸ್ಯರ ಡಿಗ್ರಿ, ಅಂದರೆ ನಂಟುಗಳ ಎಣಿಕೆ, 17. ಅಕಸ್ಮಾತ್ ಎಸ್‌ಎನ್‌ಎ ಎಂಬ ಇನ್ನೊಂದು ಪ್ಯಾಕೇಜ್‌ಗೆ ಜಾಲದ ಮ್ಯಾಟ್ರಿಕ್ಸ್ (ಯಾರಿಗೆ ಯಾರ ನಂಟಿದೆ ಎಂಬ ಚೌಕ ಕೋಷ್ಟಕ) ಕೊಟ್ಟು ಡಿಗ್ರಿ ಕೇಳಿದರೆ ಅದರ ಎರಡರಷ್ಟು, ಅಂದರೆ 34 ಎನ್ನುತ್ತದೆ. ನಂಟಿಗೆ ದಿಕ್ಕಿದೆ ಎಂದು ತಾನೇ ಭಾವಿಸಿಕೊಂಡು, ಹೋಗುವುದನ್ನೂ ಬರುವುದನ್ನೂ ಕೂಡಿಸುತ್ತದೆ. ಎರಡೂ ಪ್ಯಾಕೇಜ್‌ಗಳಲ್ಲಿ ಫಂಕ್ಷನ್ ಹೆಸರು ಒಂದೇ. ಕೊನೆಗೆ ಲೋಡ್ ಮಾಡಿದ್ದೇ ಓಡುತ್ತದೆ. ಯಾವುದು ಓಡಬೇಕು ಎಂದು ಪ್ಯಾಕೇಜ್ ಹೆಸರು, ಎರಡು ಕೋಲನ್ ಹಾಕಿ ಪ್ರತಿ ಸಲ ಬರೆಯಿರಿ.

ಇದಕ್ಕಿಂತ ಕಣ್ಣಿಗೆ ಬೀಳದ ತಪ್ಪು ತೂಕದ್ದು. ನಂಟಿಗೆ ವೇಯ್ಟ್ ಎಂಬ ಕಾಲಂ ಇದ್ದರೆ ಐಗ್ರಾಫ್ ಕೇಳದೆಯೇ ಅದನ್ನು ಬಳಸುತ್ತದೆ. ಬಿಟ್ವೀನ್‌ನೆಸ್ ಲೆಕ್ಕದಲ್ಲಿ ತೂಕ ಎಂದರೆ ದೂರ, ಲೂವೇನ್ ಎಂಬ ವಿಧಾನದಲ್ಲಿ ಗುಂಪು ಹುಡುಕುವಾಗ ಅದೇ ತೂಕ ಎಂದರೆ ಬಲ. ಮಾತಿನ ಎಣಿಕೆಯನ್ನೇ ತೂಕವಾಗಿ ಕೊಟ್ಟರೆ ಬಿಟ್ವೀನ್‌ನೆಸ್‌ನಲ್ಲಿ ವಾರಕ್ಕೆ 10 ಸಲ ಮಾತಾಡುವವರು 1 ಸಲ ಮಾತಾಡುವವರಿಗಿಂತ ಹತ್ತು ಪಟ್ಟು ದೂರದವರಾಗಿಬಿಡುತ್ತಾರೆ! ಬಿಟ್ವೀನ್‌ನೆಸ್‌ಗೆ ಮಾತ್ರ ಒಂದನ್ನು ತೂಕದಿಂದ ಭಾಗಿಸಿ ಕೊಡಿ.

ಚಿತ್ರ ಬಿಡಿಸುವುದಕ್ಕೆ ಹೆಚ್ಚು ಹೊತ್ತು ಕಳೆಯಬೇಡಿ. ಯಾದೃಚ್ಛಿಕ ಆಯ್ಕೆಯನ್ನು ಪ್ರತಿ ಸಲ ಒಂದೇ ಆಗಿಸುವ ಸೆಟ್ ಸೀಡ್ ಹಾಕದಿದ್ದರೆ ಓಡಿಸಿದಾಗೆಲ್ಲ ಬೇರೆ ಚಿತ್ರ ಬರುತ್ತದೆ, ನಡುವೆ ಕಂಡವರು ಮುಖ್ಯರು ಎಂದೇನೂ ಇಲ್ಲ.

ರಿಗ್ರೆಷನ್ ಗೊತ್ತಿರುವವರು ಮುಂದೆ ನಂಟುಗಳ ಮೇಲೆಯೇ ಅದನ್ನು ಓಡಿಸಲು ನೋಡುತ್ತಾರೆ. ಒಬ್ಬರ ನಂಟುಗಳು ಒಂದಕ್ಕೊಂದು ಸಂಬಂಧವಿಲ್ಲದ ಸಾಲುಗಳಲ್ಲ, ಹಾಗಾಗಿ ಅಲ್ಲಿ ಬರುವ ಪಿ-ವ್ಯಾಲ್ಯೂ ನಂಬುವಂತಿಲ್ಲ. ಮ್ಯಾಟ್ರಿಕ್ಸ್‌ನ ಸಾಲು-ಕಾಲಂಗಳನ್ನು ಒಟ್ಟಿಗೇ ಕಲಸಿ ಪರೀಕ್ಷಿಸುವ ಕ್ಯೂಎಪಿಯಿಂದ ಶುರು ಮಾಡಿ, ಆಮೇಲೆ ಎರ್ಗಮ್, ಅಂದರೆ ಇಡೀ ಜಾಲ ಹೇಗೆ ಹುಟ್ಟಿತು ಎಂದು ಅಂದಾಜಿಸುವ ಮಾಡೆಲ್. ಅಲ್ಲಿ ತ್ರಿಕೋನಗಳ (ಮೂವರೂ ಪರಸ್ಪರ ನಂಟಿರುವ ಗುಂಪುಗಳ) ಎಣಿಕೆಯನ್ನು ನೇರವಾಗಿ ಮಾಡೆಲ್‌ಗೆ ಹಾಕಿದರೆ ಅದು ಸೃಷ್ಟಿಸುವ ಜಾಲಗಳು ಹೆಚ್ಚುಕಮ್ಮಿ ಖಾಲಿಯಾಗಿಯೋ ತುಂಬಿ ತುಳುಕುತ್ತಲೋ ಬರುವುದುಂಟು. ಅದರ ಬದಲು ತ್ರಿಕೋನಗಳ ಪ್ರಭಾವವನ್ನು ತಗ್ಗಿಸುತ್ತಾ ಎಣಿಸುವ ಜಿಡಬ್ಲ್ಯುಇಎಸ್‌ಪಿ ಹಾಕಿ, ಮಾಡೆಲ್ ಹುಟ್ಟಿಸಿದ ಜಾಲಗಳು ನಿಮ್ಮ ಜಾಲವನ್ನು ಹೋಲುತ್ತವೆಯೇ ಎಂದು ಗುಡ್‌ನೆಸ್ ಆಫ್ ಫಿಟ್ ನೋಡಿದ ಮೇಲಷ್ಟೇ ಕೋಎಫಿಶಿಯಂಟ್ ಓದಿ.